ಚಾರ್ಜ್ ಅಳೆಯೋಕೆ ಕೂಲಂಬ್ ಇರುವಾಗ ಬ್ಯಾಟರಿ ಮೇಲೆ ಎಂಎಎಚ್ ಯಾಕೆ? ಈ ಹೆಸರುಗಳನ್ನೆಲ್ಲ ಇಟ್ಟವರು ಯಾರು?

ಪಿಯು_ತಾಯಿ
ಎಲ್ಲರಿಗೂ ನಮಸ್ಕಾರ. ಮಗಳು ದ್ವಿತೀಯ ಪಿಯುಸಿ. ಫಿಸಿಕ್ಸ್‌ನ ಮೊದಲ ಪಾಠದಲ್ಲೇ ಚಾರ್ಜ್‌ನ ಮಾನ ಕೂಲಂಬ್ ಅಂತ ಇದೆ. ಕೆಮಿಸ್ಟ್ರಿ ಪುಸ್ತಕ ತೆಗೆದರೆ ಅದೇ ಚಾರ್ಜ್ ಫ್ಯಾರಡೆ ಲೆಕ್ಕದಲ್ಲಿ ಬರುತ್ತದೆ. ಮೊಬೈಲ್ ಬ್ಯಾಟರಿ ಮೇಲೆ ಎಂಎಎಚ್. ಫಿಸಿಕ್ಸ್‌ನಲ್ಲೇ ಮುಂದೆ ಫ್ಯಾರಡ್ ಅಂತ ಇನ್ನೊಂದು ಬರುತ್ತದೆ, ಅದು ಚಾರ್ಜ್ ಅಲ್ಲವಂತೆ. ಹಳೇ ಪುಸ್ತಕ ಒಂದರಲ್ಲಿ ಸ್ಟ್ಯಾಟ್‌ಕೂಲಂಬ್ ಅಂತಲೂ ಕಂಡಿತು. ಒಂದೇ ಸರಕಿಗೆ ಇಷ್ಟು ಹೆಸರು ಯಾಕೆ ಅಂತ ಅವಳ ಪ್ರಶ್ನೆ. ನಾನು ಓದಿದ್ದು ಬಿಕಾಂ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳ್ತೀರಾ?

ಬ್ಯಾಟರಿ_ಅಂಗಡಿ
ಮೇಡಂ, ಎಂಎಎಚ್ ವಿಷಯ ನಾನು ಹೇಳ್ತೀನಿ, ಹೆಸರಿನ ಕಥೆ ಓದಿದವರು ಹೇಳಲಿ.

ಒಂದು ಆಂಪಿಯರ್ ಕರೆಂಟು ಒಂದು ಸೆಕೆಂಡು ಹರಿದರೆ ಒಂದು ಕೂಲಂಬ್. ಅದೇ ಒಂದು ಗಂಟೆ ಹರಿದರೆ 3600 ಕೂಲಂಬ್. ಅದಕ್ಕೇ ಒಂದು ಎಎಚ್ ಅನ್ನೋದು, ಆಂಪಿಯರ್ ಅವರ್. ಅದರ ಸಾವಿರದ ಒಂದು ಭಾಗ ಎಂಎಎಚ್. ಮೊಬೈಲ್‌ನ 5000 ಎಂಎಎಚ್ ಅಂದರೆ 18,000 ಕೂಲಂಬ್. ಮನೆ ಇನ್ವರ್ಟರ್‌ನ 150 ಎಎಚ್ ಬ್ಯಾಟರಿ ಅಂದರೆ 5,40,000 ಕೂಲಂಬ್.

ಗಿರಾಕಿ ಬಂದು "ಐದು ಲಕ್ಷದ ನಲವತ್ತು ಸಾವಿರ ಕೂಲಂಬ್ ಬ್ಯಾಟರಿ ಕೊಡಿ" ಅಂದರೆ ನಾನೇ ಗಾಬರಿಯಾಗ್ತೀನಿ. ಅವರಿಗೆ ಬೇಕಾಗಿರೋದು ಎಷ್ಟು ಗಂಟೆ ಫ್ಯಾನು ತಿರುಗುತ್ತೆ ಅನ್ನೋದು. ಗಂಟೆ ಲೆಕ್ಕ ಹೆಸರಲ್ಲೇ ಇದ್ದರೆ ಭಾಗಾಕಾರ ಸುಲಭ.

ಲ್ಯಾಬ್_ಸಹಾಯಕ
ಅಂಗಡಿ ಅಣ್ಣ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಬ್ಯಾಟರಿ ಒಳಗೆ 18,000 ಕೂಲಂಬ್ ಕೂಡಿಟ್ಟಿದ್ದಾರೆ ಅಂತ ಮಗಳು ಬರೆದರೆ ಮಾರ್ಕ್ಸ್ ಹೋಗುತ್ತದೆ. ಚಾರ್ಜ್ ಆದ ಬ್ಯಾಟರಿಯಲ್ಲೂ ಪ್ಲಸ್ಸು ಮೈನಸ್ಸು ಎರಡೂ ಸಮ, ಒಟ್ಟು ಚಾರ್ಜ್ ಸೊನ್ನೆಯೇ. ಎಂಎಎಚ್ ಹೇಳುವುದು ಪೂರ್ತಿ ಖಾಲಿಯಾಗುವಷ್ಟರಲ್ಲಿ ತಂತಿಯಲ್ಲಿ ಎಷ್ಟು ಚಾರ್ಜ್ ಹಾದು ಹೋಗುತ್ತದೆ ಅನ್ನುವುದನ್ನು.

ನಿಜವಾಗಿ ಒಂದು ಕೂಲಂಬ್ ಚಾರ್ಜನ್ನು ಒಂದೇ ಕಡೆ ಕೂಡಿಡುವುದು ಆಗುವ ಕೆಲಸವಲ್ಲ. ಒಂದೊಂದು ಕೂಲಂಬಿನ ಎರಡು ಗುಂಡುಗಳನ್ನು ಒಂದು ಮೀಟರ್ ದೂರದಲ್ಲಿ ಇಟ್ಟರೆ ನಡುವಿನ ಬಲ ಸುಮಾರು 900 ಕೋಟಿ ನ್ಯೂಟನ್. ಒಂಬತ್ತು ಲಕ್ಷ ಟನ್ ತೂಕಕ್ಕೆ ಸಮ. ನೈಲಾನ್ ಸ್ವೆಟರ್ ತೆಗೆಯುವಾಗ ಚಟಚಟ ಅನ್ನುತ್ತದಲ್ಲ, ಅದು ಕೂಲಂಬಿನ ಹತ್ತು ಲಕ್ಷದ ಒಂದು ಭಾಗದ ಆಸುಪಾಸು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ.

ಮುಂಗಾರು
ಹಾಗಾದ್ರೆ ಸಿಡಿಲಲ್ಲಿ ಎಷ್ಟು ಕೂಲಂಬ್ ಇರುತ್ತೆ? ಲಕ್ಷಗಟ್ಟಲೆ?

ಲ್ಯಾಬ್_ಸಹಾಯಕ
ಸಾಮಾನ್ಯ ಸಿಡಿಲಿನಲ್ಲಿ 15–20 ಕೂಲಂಬ್. ಅಷ್ಟೇ. ನಿಮ್ಮ ಜೇಬಿನಲ್ಲಿರುವ ಮೊಬೈಲ್ ಬ್ಯಾಟರಿ ಒಂದು ದಿನದಲ್ಲಿ ಹರಿಸುವುದು ಅದಕ್ಕಿಂತ ಸಾವಿರಾರು ಕೂಲಂಬ್ ಜಾಸ್ತಿ. ವ್ಯತ್ಯಾಸ ಇರುವುದು ವೋಲ್ಟೇಜಿನಲ್ಲಿ. ಇಲ್ಲಿ ನಾಲ್ಕು ವೋಲ್ಟಿನ ಆಸುಪಾಸು, ಅಲ್ಲಿ ಕೋಟಿಗಟ್ಟಲೆ. ಮತ್ತೆ ಅಲ್ಲಿ ಎಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ.

ಉಲ್ಟಾ_ಪಲ್ಟಾ
ಲೆಕ್ಕ ಎಲ್ಲ ಸರಿ ಗುರು. ಆದ್ರೆ ಕೂಲಂಬ್ ಹೆಸರು ಇಟ್ಟಿದ್ದೇ ಅನ್ಯಾಯ. ಎರಡು ಚಾರ್ಜುಗಳ ನಡುವಿನ ಬಲ ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ ಅಂತ ಪ್ರೀಸ್ಟ್ಲಿ 1767ರಲ್ಲೇ ಊಹಿಸಿದ್ದ. ಹೆನ್ರಿ ಕ್ಯಾವೆಂಡಿಶ್ 1770ರ ದಶಕದ ಮೊದಲಲ್ಲೇ ಪ್ರಯೋಗ ಮಾಡಿ ತೋರಿಸಿದ್ದ. ಕೂಲಂಬ್ ಬಂದಿದ್ದು 1785ರಲ್ಲಿ. ಕ್ಯಾವೆಂಡಿಶ್ ಹೆಸರಲ್ಲಿ ಒಂದು ಮಾನವೂ ಇಲ್ಲ, ಇದ್ಯಾವ ನ್ಯಾಯ?

ಲ್ಯಾಬ್_ಸಹಾಯಕ
ಕ್ಯಾವೆಂಡಿಶ್ ಮಾಡಿದ್ದು ನಿಜ. ಆದರೆ ಬರೆದಿಟ್ಟು ಪೆಟ್ಟಿಗೆಯಲ್ಲಿ ಹಾಕಿದ. ಮ್ಯಾಕ್ಸ್‌ವೆಲ್ ಆ ಕಾಗದಗಳನ್ನು ತಿದ್ದಿ ಪ್ರಕಟಿಸಿದ್ದು 1879ರಲ್ಲಿ. ನೂರು ವರ್ಷ ಯಾರ ಕಣ್ಣಿಗೂ ಬೀಳದ ಕೆಲಸಕ್ಕೆ ಜಗತ್ತು ಹೇಗೆ ಹೆಸರು ಇಡಬೇಕಿತ್ತು? ಅವನ ಹತ್ತಿರ ಕರೆಂಟು ಅಳೆಯುವ ಮೀಟರೂ ಇರಲಿಲ್ಲ. ತನ್ನ ಮೈಗೇ ಶಾಕ್ ಕೊಟ್ಟುಕೊಂಡು, ಯಾವುದು ಜೋರು ಅಂತ ಹೋಲಿಸುತ್ತಿದ್ದ. ಮ್ಯಾಕ್ಸ್‌ವೆಲ್ ಆ ಪ್ರಯೋಗ ಎಷ್ಟು ಖಚಿತ ಅಂತ ನೋಡೋಕೆ ಲ್ಯಾಬಿಗೆ ಬಂದವರ ಕೈಗೂ ಶಾಕ್ ಕೊಡಿಸುತ್ತಿದ್ದನಂತೆ.

ಇನ್ನು ಕೂಲಂಬ್ ಮಾಡಿದ್ದನ್ನು ಹತ್ತಿರದಿಂದ ನೋಡಿ. ಕೂದಲಿನಂಥ ಬೆಳ್ಳಿ ತಂತಿ. ಅದರ ತುದಿಯಲ್ಲಿ ಅಡ್ಡ ಕಡ್ಡಿ. ಕಡ್ಡಿಯ ಒಂದು ಕೊನೆಯಲ್ಲಿ ಗಿಡದ ದಿಂಡಿನ ಹಗುರ ಗುಂಡು. ಗಾಳಿ ತಾಗದ ಹಾಗೆ ಗಾಜಿನ ಭರಣಿಯೊಳಗೆ ಇಷ್ಟೂ ತೂಗಾಡುತ್ತಿರುತ್ತದೆ. ಪಕ್ಕದಲ್ಲಿ ಅಲ್ಲಾಡದ ಇನ್ನೊಂದು ಗುಂಡು. ಎರಡಕ್ಕೂ ಒಂದೇ ಥರದ ಚಾರ್ಜ್ ಕೊಟ್ಟ. ತೂಗಾಡುವ ಗುಂಡು 36 ಡಿಗ್ರಿ ದೂರ ಸರಿದು ನಿಂತಿತು. ಮೇಲಿನ ತಿರುಪನ್ನು 126 ಡಿಗ್ರಿ ತಿರುಚಿ ಹತ್ತಿರ ತಂದ. ಈಗ 18 ಡಿಗ್ರಿಯಲ್ಲಿ ನಿಂತಿತು. ತಂತಿಯ ಒಟ್ಟು ತಿರುಚು 144. ಅಂದರೆ ದೂರ ಅರ್ಧ, ಬಲ ನಾಲ್ಕು ಪಟ್ಟು. ಮತ್ತೆ ತಿರುಚಿದ. ಎಂಟೂವರೆ ಡಿಗ್ರಿಗೆ ಬಂದಾಗ ತಿರುಚು 575.5. ಸರಿಯಾಗಿ ಹದಿನಾರು ಪಟ್ಟು ಆಗಬೇಕಿದ್ದರೆ 576 ಮತ್ತು 9 ಡಿಗ್ರಿ ಇರಬೇಕಿತ್ತು. ಬಹಳ ಹತ್ತಿರ ಬಂದಿದ್ದಾನೆ.

ಪ್ರಕಟಿಸಿದ ಅಳತೆ ಇವು ಮೂರೇ. ಮುಂದೆ ಅಂಥದೇ ಸಲಕರಣೆ ಕಟ್ಟಿ ನೋಡಿದವರಲ್ಲಿ ಕೆಲವರಿಗೆ ಇಷ್ಟು ಚೊಕ್ಕ ಉತ್ತರ ಬರಲಿಲ್ಲ, ಕೆಲವರಿಗೆ ಬಂತು. ಆ ಜಗಳ ಇನ್ನೂ ಇದೆ. ನನ್ನ ಅಭಿಪ್ರಾಯ ಕೇಳಿದರೆ ಹೆಸರು ತಪ್ಪಿಲ್ಲ. ಚಾರ್ಜನ್ನು ತಕ್ಕಡಿಗೆ ಹಾಕಿದವನು ಅವನು.

ಉಲ್ಟಾ_ಪಲ್ಟಾ
ಸರಿ, ಒಪ್ಪಿದೆ. ಅರ್ಧ.

ರಸಾಯನ_ಟೀಚರ್
ಕೂಲಂಬ್ ವೃತ್ತಿಯಲ್ಲಿ ಸೈನ್ಯದ ಎಂಜಿನಿಯರ್. ಮಾರ್ಟಿನಿಕ್ ದ್ವೀಪದಲ್ಲಿ ಕೋಟೆ ಕಟ್ಟಿಸುತ್ತಾ ವರ್ಷಗಟ್ಟಲೆ ಇದ್ದ, ಆರೋಗ್ಯ ಅಲ್ಲೇ ಕೆಟ್ಟಿತು. ಫ್ರಾನ್ಸ್ ಕ್ರಾಂತಿಯ ಕಾಲದಲ್ಲಿ ಹೊಸ ಅಳತೆ ತೂಕಗಳ ಸಮಿತಿಯಲ್ಲೂ ಇದ್ದ. ಮೀಟರ್, ಕಿಲೋಗ್ರಾಂ ಹುಟ್ಟಿದ್ದು ಆ ಕೆಲಸದಿಂದಲೇ. 1793ರ ಡಿಸೆಂಬರಿನಲ್ಲಿ ಲವಾಸಿಯೆ, ಲಾಪ್ಲಾಸ್ ಜೊತೆ ಇವನನ್ನೂ ಸಮಿತಿಯಿಂದ ಕಿತ್ತುಹಾಕಿದರು. ಮಾನಗಳ ಸಮಿತಿಯಿಂದ ಹೊರಗೆ ಹಾಕಿಸಿಕೊಂಡವನೇ ಮುಂದೆ ಒಂದು ಮಾನ ಆದ.

ಪಿಯು_ತಾಯಿ
ತುಂಬಾ ಚೆನ್ನಾಗಿದೆ. ಮಗಳೂ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಫ್ಯಾರಡ್ ಮತ್ತು ಫ್ಯಾರಡೆ ಎರಡೂ ಒಬ್ಬರದೇ ಹೆಸರಾ? ಒಂದು ಚಾರ್ಜ್, ಇನ್ನೊಂದು ಅಲ್ಲ ಅಂದರೆ ಏನು ಮಾಡುವುದು?

ತಂತಿಮನೆ_ತಾತ
ಅಮ್ಮಾ, ಇದಕ್ಕೆ ಉತ್ತರ ನಮ್ಮ ಇಲಾಖೆಯ ಕಡೆಯಿಂದ ಬರಬೇಕು. ನಾನು ತಂತಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಿವೃತ್ತಿಯಾದವನು. ಉದ್ದ ಆಗುತ್ತದೆ, ಓದುವವರು ಓದಿ.

ಈ ಮಾನಗಳಿಗೆ ಹೆಸರು ಬೇಕು ಅಂತ ಮೊದಲು ಕೂಗಿದವರು ಕಾಲೇಜಿನ ಪ್ರೊಫೆಸರುಗಳಲ್ಲ, ಸಮುದ್ರದ ತಳದಲ್ಲಿ ತಂತಿ ಹಾಕುತ್ತಿದ್ದ ಎಂಜಿನಿಯರುಗಳು. 1858ರಲ್ಲಿ ಅಟ್ಲಾಂಟಿಕ್ ಸಮುದ್ರದಡಿ ಮೊದಲ ಕೇಬಲ್ ಬಿತ್ತು. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ಆಚೆ ದಡ ಸೇರಲು ಸುಮಾರು 16 ಗಂಟೆ ಹಿಡಿಯಿತು. ಯಾಕೆ ಅಂದರೆ ಒಳಗೆ ತಾಮ್ರ, ಸುತ್ತ ಗಟ್ಟಾಪರ್ಚಾ ಅಂಟಿನ ಹೊದಿಕೆ, ಅದರಾಚೆ ಉಪ್ಪುನೀರು. ಇಡೀ ಕೇಬಲ್ ಒಂದು ದೊಡ್ಡ ಕೆಪಾಸಿಟರ್, ಅಂದರೆ ಚಾರ್ಜ್ ಹಿಡಿದಿಡುವ ಪಾತ್ರೆ, ಆಗಿಬಿಟ್ಟಿತು. ಈ ತುದಿಯಲ್ಲಿ ಕೀಲಿ ಒತ್ತಿದರೆ ಮೊದಲು ಕೇಬಲ್ ಪೂರ್ತಿ ಚಾರ್ಜ್ ಕುಡಿಯಬೇಕು, ಆಮೇಲೆ ಆ ತುದಿಯಲ್ಲಿ ಮುಳ್ಳು ಅಲ್ಲಾಡಬೇಕು. ಬೇಗ ಆಗಲಿ ಅಂತ ವೈಲ್ಡ್‌ಮನ್ ವೈಟ್‌ಹೌಸ್ ಅನ್ನುವವರು ಸಾವಿರಾರು ವೋಲ್ಟ್ ಹಾಕಿದರು. ಕೇಬಲ್ ಕೆಲವೇ ವಾರಗಳಲ್ಲಿ ಸತ್ತಿತು.

ಆಗ "ಸಾವಿರಾರು ವೋಲ್ಟ್" ಅನ್ನುವ ಮಾತೇ ಇರಲಿಲ್ಲ ಅನ್ನುವುದು ಮುಖ್ಯ. ಇಷ್ಟು ಡೇನಿಯಲ್ ಸೆಲ್ಲು (ಆಗಿನ ಬ್ಯಾಟರಿ), ಇಂಥ ದಪ್ಪದ ಇಷ್ಟು ಮೈಲಿ ತಂತಿ ಅಂತ ಒಬ್ಬೊಬ್ಬರು ಒಂದೊಂದು ಲೆಕ್ಕ. ಒಬ್ಬ ಎಂಜಿನಿಯರ್ ಬರೆದಿಟ್ಟ ಟೆಸ್ಟ್ ರಿಪೋರ್ಟು ಇನ್ನೊಬ್ಬನಿಗೆ ಅರ್ಥವಾಗುತ್ತಿರಲಿಲ್ಲ. 1861ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬ್ರಿಟಿಷ್ ಅಸೋಸಿಯೇಷನ್ ಅನ್ನುವ ವಿಜ್ಞಾನ ಸಂಘದ ಸಭೆ. ಲ್ಯಾಟಿಮರ್ ಕ್ಲಾರ್ಕ್ ಮತ್ತು ಚಾರ್ಲ್ಸ್ ಬ್ರೈಟ್ ಅಂತ ಇಬ್ಬರು ಕೇಬಲ್ ಎಂಜಿನಿಯರುಗಳು ಒಂದು ಲೇಖನ ಓದಿದರು. ಬ್ರೈಟ್ ಅದೇ ಅಟ್ಲಾಂಟಿಕ್ ಕೇಬಲ್ಲಿನ ಮುಖ್ಯ ಎಂಜಿನಿಯರ್. ದೊಡ್ಡ ವಿಜ್ಞಾನಿಗಳ ಹೆಸರು ತೆಗೆದುಕೊಂಡು ಮಾನಗಳಿಗೆ ಇಡೋಣ ಅಂದರು. ಅವರು ಇಟ್ಟ ಹೆಸರು ಕೇಳಿ. ಒತ್ತಡಕ್ಕೆ, ಅಂದರೆ ಇವತ್ತಿನ ವೋಲ್ಟೇಜಿಗೆ, "ಓಮಾ". ಕರೆಂಟಿಗೆ "ಗಾಲ್ವಟ್". ರೆಸಿಸ್ಟೆನ್ಸಿಗೆ "ವೋಲ್ಟ್". ಚಾರ್ಜಿಗೆ "ಫ್ಯಾರಡ್".

ಅಂದರೆ ಫ್ಯಾರಡ್ ಹುಟ್ಟಿದ್ದೇ ಚಾರ್ಜ್ ಅಳೆಯುವುದಕ್ಕೆ. ಆಗ ಮೈಕೇಲ್ ಫ್ಯಾರಡೆ ಇನ್ನೂ ಬದುಕಿದ್ದರು.

ಮುಂಗಾರು
ರೆಸಿಸ್ಟೆನ್ಸಿಗೆ ವೋಲ್ಟಾ?! ತಾತ, ಅದು ಹಾಗೇ ಉಳಿದಿದ್ದರೆ ನಮ್ಮ ಐಟಿಐ ಮೇಷ್ಟ್ರ ಗತಿ ಏನಾಗುತ್ತಿತ್ತೋ.

ತಂತಿಮನೆ_ತಾತ
ಏನೂ ಆಗುತ್ತಿರಲಿಲ್ಲ ಮಗಾ, "ಮೇನ್ಸ್ 230 ಓಮಾ" ಅಂತ ಹೇಳಿಕೊಂಡು ಇರುತ್ತಿದ್ದರು. ರೂಢಿ ಅಷ್ಟೇ.

ಫ್ಯಾರಡ್ ಹೇಗೆ ಜಾರಿತು ಅನ್ನುವುದನ್ನು ಹೇಳಿಬಿಡುತ್ತೇನೆ. ಕೇಬಲ್ಲಿನವರಿಗೆ ದಿನಾ ಬೇಕಾಗಿದ್ದು ಬರೀ ಚಾರ್ಜ್ ಅಲ್ಲ. ಇಷ್ಟು ಒತ್ತಡ ಕೊಟ್ಟರೆ ಈ ಕೇಬಲ್ ಎಷ್ಟು ಚಾರ್ಜ್ ಕುಡಿಯುತ್ತದೆ ಅನ್ನುವುದು. ಒಂದು ಯೂನಿಟ್ ಒತ್ತಡಕ್ಕೆ ಒಂದು ಫ್ಯಾರಡ್ ಕುಡಿಯುವ ಕೆಪಾಸಿಟರನ್ನೇ "ಒಂದು ಫ್ಯಾರಡ್" ಅಂತ ಕರೆಯೋಕೆ ಶುರುಮಾಡಿದರು. ಒಂದು ಲೀಟರ್ ಹಿಡಿಸುವ ಪಾತ್ರೆಯನ್ನೇ ಲೀಟರ್ ಅಂದ ಹಾಗೆ. 1873ರ ಹೊತ್ತಿಗೆ ಫ್ಯಾರಡ್ ಅಂದರೆ ಪಾತ್ರೆಯೇ ಆಗಿಹೋಗಿತ್ತು. ಚಾರ್ಜಿಗೆ ಹೆಸರೇ ಇಲ್ಲ!

ಆ ಖಾಲಿ ಜಾಗಕ್ಕೆ ಸ್ವಲ್ಪ ಕಾಲ "ವೆಬರ್" ಬಂತು. ಬ್ರಿಟಿಷರು ಚಾರ್ಜಿಗೂ ವೆಬರ್ ಅಂದರು, ಸೆಕೆಂಡಿಗೆ ಒಂದು ವೆಬರ್ ಹರಿಯುವ ಕರೆಂಟಿಗೂ ವೆಬರ್ ಅಂದರು. ಜರ್ಮನಿಯಲ್ಲಿ ಸ್ವತಃ ವಿಲ್ಹೆಲ್ಮ್ ವೆಬರ್ ಕರೆಂಟು ಅಳೆಯಲು ಬಳಸುತ್ತಿದ್ದ ಮಾನ ಇದರ ಹತ್ತನೇ ಒಂದು ಭಾಗ. ಒಂದು ಹೆಸರು, ಎರಡು ದೇಶ, ಹತ್ತು ಪಟ್ಟು ವ್ಯತ್ಯಾಸ.

1881ರಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ವಿದ್ಯುತ್ ಪ್ರದರ್ಶನ, ಜೊತೆಗೆ ಅಂತರರಾಷ್ಟ್ರೀಯ ಸಮ್ಮೇಳನ. ವಿಲಿಯಂ ಥಾಮ್ಸನ್, ಹೆಲ್ಮ್‌ಹೋಲ್ಟ್ಸ್ ಎಲ್ಲ ಇದ್ದರು. ಅಲ್ಲೇ ಓಮ್, ವೋಲ್ಟ್, ಆಂಪಿಯರ್, ಕೂಲಂಬ್, ಫ್ಯಾರಡ್ ಐದೂ ಇವತ್ತಿನ ಅರ್ಥದಲ್ಲಿ ಗಟ್ಟಿಯಾದವು. ವೆಬರನ್ನು ಪಕ್ಕಕ್ಕೆ ಸರಿಸಿ ಕರೆಂಟಿಗೆ ಆಂಪಿಯರ್, ಚಾರ್ಜಿಗೆ ಕೂಲಂಬ್ ತಂದರು. ಒಂದು ಆಂಪಿಯರ್ ಒಂದು ಸೆಕೆಂಡಿನಲ್ಲಿ ಕೊಡುವ ಚಾರ್ಜೇ ಕೂಲಂಬ್ ಅಂತ ಕಟ್ಟಿದರು. ವೆಬರ್ ಹೆಸರನ್ನು 1935ರಲ್ಲಿ ಮ್ಯಾಗ್ನೆಟಿಕ್ ಫ್ಲಕ್ಸಿಗೆ ಕೊಟ್ಟು ಸಮಾಧಾನ ಮಾಡಿದರು. ಗಾಲ್ವಟ್ ಮಾತ್ರ ಎಲ್ಲೂ ಸೇರಲಿಲ್ಲ. ಪಾಪ, ಕಪ್ಪೆ ಕಾಲು ಕುಣಿಸಿದ ಗಾಲ್ವಾನಿಗೆ ಮಾನವೇ ದಕ್ಕಲಿಲ್ಲ.

ಉಲ್ಟಾ_ಪಲ್ಟಾ
ಸಭೆ ನಡೆದಿದ್ದು ಪ್ಯಾರಿಸ್. ಹೊಸದಾಗಿ ಬಂದ ಎರಡು ಹೆಸರು ಆಂಪಿಯರ್, ಕೂಲಂಬ್. ಇಬ್ಬರೂ ಫ್ರೆಂಚರು. ಹೊರಗೆ ಹೋಗಿದ್ದು ಜರ್ಮನಿಯ ವೆಬರ್. ಫ್ರಾನ್ಸ್–ಜರ್ಮನಿ ಯುದ್ಧ ಮುಗಿದು ಬರೀ ಹತ್ತು ವರ್ಷ. ನಾನು ಏನೂ ಹೇಳ್ತಿಲ್ಲಪ್ಪಾ. ಸುಮ್ನೆ ಜೋಡಿಸಿ ನೋಡಿ.

ತಂತಿಮನೆ_ತಾತ
ಊಟ ಹಾಕಿದವರ ಹೆಸರು ಎಲೆಯ ಮೇಲೆ ಬರುವುದು ಎಲ್ಲ ಕಡೆ ಇದ್ದದ್ದೇ. ಆದರೆ ಹತ್ತು ಪಟ್ಟಿನ ಗೊಂದಲ ನಿಜವಾಗಿಯೂ ಇತ್ತು. ಜರ್ಮನಿಯ ಓಮ್ ಹೆಸರು ಅಲ್ಲೇ ಉಳಿಯಿತಲ್ಲ. ಆಂಪಿಯರ್, ಕೂಲಂಬ್ ಇಬ್ಬರ ಕೆಲಸವೂ ಯಾರದೋ ದಾಕ್ಷಿಣ್ಯಕ್ಕೆ ಹೆಸರು ಪಡೆಯುವಂಥದ್ದಲ್ಲ. ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ಹೆಸರುಗಳಲ್ಲಿ ಇಬ್ಬರೂ ಇದ್ದಾರೆ. ಅಲ್ಲಿ ಮಾತ್ರ ಬರೀ ಫ್ರಾನ್ಸಿನವರದೇ, ಅದು ಅವರ ಮನೆ.

ನಮ್ಮ ಕಡೆಗೂ ಒಂದು ಎಳೆ ಇದೆ. ಅದೇ ಬ್ರೈಟ್ 1864ರಲ್ಲಿ ಪರ್ಷಿಯಾ ಕೊಲ್ಲಿಯಲ್ಲಿ ಕೇಬಲ್ ಹಾಕಿಸಿದ. ಫಾವ್ ಎಂಬಲ್ಲಿಂದ ಕರಾಚಿಯ ಕಡೆಗೆ. ಭಾರತಕ್ಕೂ ಲಂಡನ್ನಿಗೂ ತಂತಿ ಸಂಪರ್ಕ ಕೂಡಿದ್ದು ಆ ದಾರಿಯಲ್ಲಿ.

ರಸಾಯನ_ಟೀಚರ್
ಇನ್ನು ನನ್ನ ಸರದಿ. ಫ್ಯಾರಡೆ, ಕೊನೆಯಲ್ಲಿ "ಡೆ" ಇರುವುದು, ಕೆಮಿಸ್ಟ್ರಿಯವರ ಸ್ವತ್ತು. ಒಂದು ಮೋಲ್ (ಕಣಗಳನ್ನು ಎಣಿಸಲು ಕೆಮಿಸ್ಟ್ರಿಯವರು ಬಳಸುವ ಮಾನ) ಎಲೆಕ್ಟ್ರಾನುಗಳ ಒಟ್ಟು ಚಾರ್ಜ್, ಸುಮಾರು 96,485 ಕೂಲಂಬ್. ಲೆಕ್ಕಕ್ಕೆ 96,500 ಅಂತ ತೆಗೆದುಕೊಳ್ಳುತ್ತೇವೆ. ಇವತ್ತು ಅದನ್ನು ಸ್ಥಿರಾಂಕ ಅಂತ ಬರೆಯುವುದು ಸರಿ, ಆದರೆ "ಒಂದು ಮೋಲ್ ಅಲ್ಯುಮಿನಿಯಂ ಬಿಡಿಸಲು ಎಷ್ಟು ಫ್ಯಾರಡೆ ಬೇಕು" ಅಂತ ಪ್ರಶ್ನೆ ಇನ್ನೂ ಬರುತ್ತದೆ. ಉತ್ತರ ಮೂರು.

ಫ್ಯಾರಡೆ ಇದನ್ನು ಕಂಡದ್ದು 1833–34ರ ಹೊತ್ತಿಗೆ. ಹರಿದ ಚಾರ್ಜ್ ಎಷ್ಟೋ, ಲೋಹ ಕೂರುವುದೂ ಅಷ್ಟಕ್ಕೆ ತಕ್ಕ ಹಾಗೆ. ಇದು ಎಷ್ಟು ನಂಬಿಕೆಯ ಲೆಕ್ಕ ಅಂದರೆ, 1893ರ ಶಿಕಾಗೋ ಸಮ್ಮೇಳನದಲ್ಲಿ ಆಂಪಿಯರನ್ನೇ ಬೆಳ್ಳಿಯಿಂದ ಹಿಡಿದರು. ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಒಂದು ಆಂಪಿಯರ್ ಹರಿಸಿದರೆ ಸೆಕೆಂಡಿಗೆ 0.001118 ಗ್ರಾಂ ಬೆಳ್ಳಿ ಕೂರಬೇಕು. ಅಂದರೆ ಒಂದು ಕೂಲಂಬಿನ ಬೆಲೆ 1.118 ಮಿಲಿಗ್ರಾಂ ಬೆಳ್ಳಿ. ಪ್ಲಾಟಿನಂ ಬಟ್ಟಲನ್ನು ತೊಳೆದು ಒಣಗಿಸಿ ತೂಗುವುದು, ದ್ರಾವಣ ಹಾಕಿ ಕರೆಂಟು ಬಿಡುವುದು, ಮತ್ತೆ ತೊಳೆದು ಒಣಗಿಸಿ ತೂಗುವುದು. ವ್ಯತ್ಯಾಸವೇ ಚಾರ್ಜ್. ಗಿಲೀಟು ಹಾಕುವವರ ಕೆಲಸವೇ ಇದು, ತಕ್ಕಡಿ ಮಾತ್ರ ಸೂಕ್ಷ್ಮ.

ಮಗಳಿಗೆ ಹೇಳಿ: ಬೆಳ್ಳಿಯ ಪರಮಾಣು ತೂಕ 107.87. ಅದನ್ನು 96,485ರಿಂದ ಭಾಗಿಸಲಿ. ಅದೇ 0.001118 ಬರುತ್ತದೆ.

ಪಿಯು_ತಾಯಿ
ಭಾಗಿಸಿದಳು. ಬಂತು!! ತುಂಬಾ ಖುಷಿಯಾಗಿದ್ದಾಳೆ. ಸ್ಟ್ಯಾಟ್‌ಕೂಲಂಬ್ ಒಂದು ಬಾಕಿ ಇದೆ.

ಲ್ಯಾಬ್_ಸಹಾಯಕ
ಹಳೇ ಸೆಂಟಿಮೀಟರ್–ಗ್ರಾಂ ಪದ್ಧತಿಯಲ್ಲಿ ಚಾರ್ಜಿಗೆ ಎರಡು ದಾರಿ ಇದ್ದವು. ಒಂದು, ನಿಂತ ಚಾರ್ಜಿನಿಂದ. ಎರಡು ಸಮ ಚಾರ್ಜುಗಳನ್ನು ಒಂದು ಸೆಂಟಿಮೀಟರ್ ದೂರ ಇಟ್ಟಾಗ ಒಂದು ಡೈನ್ ಬಲದಿಂದ ತಳ್ಳಿದರೆ, ಒಂದೊಂದೂ ಒಂದು ಸ್ಟ್ಯಾಟ್‌ಕೂಲಂಬ್. ಸುಮಾರು 208 ಕೋಟಿ ಎಲೆಕ್ಟ್ರಾನುಗಳಷ್ಟು. ಇದಕ್ಕೇ ಫ್ರಾಂಕ್ಲಿನ್ ಅಂತ ಹೆಸರಿಡೋಣ ಅಂತ ಗುಗೆನ್‌ಹೈಮ್ 1941ರಲ್ಲಿ ಸೂಚಿಸಿದರು. ಎರಡನೇ ದಾರಿ ಹರಿಯುವ ಕರೆಂಟಿನ ಮ್ಯಾಗ್ನೆಟ್ ಬಲದಿಂದ. ಅಲ್ಲಿ ಬರುವುದು ಆಬ್‌ಕೂಲಂಬ್, ಹತ್ತು ಕೂಲಂಬಿಗೆ ಸಮ. ಹೀಗೆ ಮುಂದೆ ಬಾಲ ಸೇರಿಸುವ ಪದ್ಧತಿ ಶುರುವಾಗಿದ್ದು ಕೆನಲಿ ಎಂಬ ಎಂಜಿನಿಯರಿಂದ, 1903ರಲ್ಲಿ. "ಆಬ್" ಅಂದರೆ ಆಬ್‌ಸಲ್ಯೂಟ್‌ನ ತುಂಡು, "ಸ್ಟ್ಯಾಟ್" ಅಂದರೆ ಸ್ಟ್ಯಾಟಿಕ್‌ನದು.

ಇಷ್ಟೇ ಆಗಿದ್ದರೆ ಹಳೇ ಕಸ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಇಲ್ಲಿ ಒಂದು ಅದ್ಭುತ ಇದೆ. ಒಂದು ಆಬ್‌ಕೂಲಂಬಿನಲ್ಲಿ ಎಷ್ಟು ಸ್ಟ್ಯಾಟ್‌ಕೂಲಂಬ್? 2.998 × 10¹⁰. ಈ ಸಂಖ್ಯೆ ಎಲ್ಲೋ ನೋಡಿದ ಹಾಗಿದೆ ಅಲ್ವಾ? ಬೆಳಕು ಒಂದು ಸೆಕೆಂಡಿನಲ್ಲಿ ಓಡುವ ಸೆಂಟಿಮೀಟರುಗಳು.

ವೆಬರ್ ಮತ್ತು ಕೋಲ್‌ರೌಷ್ 1856ರಲ್ಲಿ ಈ ಅನುಪಾತ ಅಳೆದರು. ಲೈಡನ್ ಜಾಡಿಯಲ್ಲಿ, ಅಂದರೆ ಚಾರ್ಜ್ ಕೂಡಿಡುವ ಹಳೇ ಗಾಜಿನ ಜಾಡಿಯಲ್ಲಿ, ಚಾರ್ಜ್ ತುಂಬಿದರು. ಅದರ ಒಂದು ಪಾಲನ್ನು ಕೂಲಂಬ್ ಮಾಡಿದಂಥ ತಿರುಚು ತಕ್ಕಡಿಯಲ್ಲಿ ನಿಂತ ಚಾರ್ಜಾಗಿ ಅಳೆದರು, ಉಳಿದದ್ದನ್ನು ಗ್ಯಾಲ್ವನೋಮೀಟರ್ ಮೂಲಕ ಹರಿಸಿ ಕರೆಂಟಾಗಿ ಅಳೆದರು. ಬೆಳಕನ್ನು ಯಾರೂ ಮುಟ್ಟಲೇ ಇಲ್ಲ. ಇವತ್ತಿನ ಲೆಕ್ಕಕ್ಕೆ ತಿರುಗಿಸಿದರೆ ಬಂದ ಉತ್ತರ ಸೆಕೆಂಡಿಗೆ ಸುಮಾರು 3.1 ಲಕ್ಷ ಕಿಲೋಮೀಟರ್. ಆರು ವರ್ಷದ ನಂತರ ಮ್ಯಾಕ್ಸ್‌ವೆಲ್ ಈ ಸಂಖ್ಯೆ ಹಿಡಿದುಕೊಂಡೇ ಬೆಳಕೂ ವಿದ್ಯುತ್ತಿನ ಮನೆತನದ್ದೇ ಅಂದದ್ದು. ಎರಡು ಮಾನಗಳ ಜಗಳದಿಂದ ಇಂಥದ್ದು ಹೊರಬಿತ್ತು. ಪುಸ್ತಕದಲ್ಲಿ ಸ್ಟ್ಯಾಟ್‌ಕೂಲಂಬ್ ಪಾಠ ತೆಗೆದದ್ದು ಸರಿಯೇ, ಆದರೆ ಈ ಕಥೆಯನ್ನು ಉಳಿಸಬಹುದಿತ್ತು ಅಂತ ನನಗೆ ಬೇಸರ.

ಮುಂಗಾರು
ಮೈ ಜುಂ ಅಂತು. ಫ್ರಾಂಕ್ಲಿನ್ ಅಂದ್ರೆ ಗಾಳಿಪಟದ ಫ್ರಾಂಕ್ಲಿನ್ನಾ?

ಲ್ಯಾಬ್_ಸಹಾಯಕ
ಅವನೇ. ಪ್ಲಸ್, ಮೈನಸ್, ಬ್ಯಾಟರಿ, ಈ ಮಾತುಗಳನ್ನು ವಿದ್ಯುತ್ತಿಗೆ ಅಂಟಿಸಿದವನೂ ಅವನೇ. ಲೈಡನ್ ಜಾಡಿಗಳನ್ನು ಫಿರಂಗಿಗಳ ಸಾಲಿನ ಹಾಗೆ ಜೋಡಿಸಿದ್ದಕ್ಕೆ ಬ್ಯಾಟರಿ. ಯಾವುದಕ್ಕೆ ಪ್ಲಸ್ ಅನ್ನಬೇಕು ಅನ್ನುವುದು ಅವನಿಗೆ ಬರೀ ಅಂದಾಜು. ಆ ಅಂದಾಜಿನಿಂದಾಗಿಯೇ ಎಲೆಕ್ಟ್ರಾನು ಮೈನಸ್ ಆಯಿತು, ಕರೆಂಟಿನ ಬಾಣ ಒಂದು ಕಡೆ, ಎಲೆಕ್ಟ್ರಾನು ಹೋಗುವುದು ಇನ್ನೊಂದು ಕಡೆ. ಪ್ರತಿ ವರ್ಷ ಮಕ್ಕಳಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಬ್ಯಾಟರಿ_ಅಂಗಡಿ
ಹಾಗಾದ್ರೆ ಎಲ್ಲದಕ್ಕೂ ಎಲೆಕ್ಟ್ರಾನನ್ನೇ ಯೂನಿಟ್ ಮಾಡಿಬಿಟ್ಟರೆ ಮುಗೀತಲ್ಲ? ಇಷ್ಟು ಎಲೆಕ್ಟ್ರಾನು ಅಂತ.

ರಸಾಯನ_ಟೀಚರ್
ಅಣ್ಣ, ಗೊತ್ತಿಲ್ಲದೆ ಗುರಿಗೆ ಹೊಡೆದಿರಿ. ಎಲೆಕ್ಟ್ರಾನ್ ಅನ್ನುವ ಹೆಸರು ಹುಟ್ಟಿದ್ದೇ ಚಾರ್ಜಿನ ಮಾನವಾಗಿ, ಕಣವಾಗಿ ಅಲ್ಲ.

ಐರ್ಲೆಂಡಿನ ಜಾರ್ಜ್ ಜಾನ್‌ಸ್ಟನ್ ಸ್ಟೋನಿ. 1874ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಅದೇ ಬ್ರಿಟಿಷ್ ಅಸೋಸಿಯೇಷನ್ ಸಭೆ. ಮನುಷ್ಯ ಮಾಡಿದ ಮಾನಗಳು ಸಾಕು, ಪ್ರಕೃತಿಯೇ ಇಟ್ಟಿರುವ ಮಾನಗಳನ್ನು ಹುಡುಕೋಣ ಅಂದ. ಫ್ಯಾರಡೆ ನಿಯಮ ನೋಡಿ ಅವನಿಗೆ ಹೊಳೆದದ್ದು ಇಷ್ಟು: ದ್ರಾವಣದಲ್ಲಿ ಒಂದು ರಾಸಾಯನಿಕ ಬಂಧ ಕಿತ್ತರೆ ಪ್ರತಿ ಸಲವೂ ಅಷ್ಟೇ ಚಾರ್ಜ್ ಹಾದುಹೋಗುತ್ತದೆ. ಕಡಿಮೆ ಇಲ್ಲ, ಜಾಸ್ತಿ ಇಲ್ಲ. ಅದನ್ನೇ ಮಾನ ಮಾಡೋಣ. ಲೆಕ್ಕ ಹಾಕಿದ, 10⁻²⁰ ಕೂಲಂಬ್ ಅಂತ ಬಂತು. ನಿಜವಾದ ಬೆಲೆಗಿಂತ 16 ಪಟ್ಟು ಕಡಿಮೆ, ಯಾಕೆಂದರೆ ಅಣುಗಳ ಎಣಿಕೆಯೇ ಆಗ ಸರಿಯಾಗಿ ಗೊತ್ತಿರಲಿಲ್ಲ. 1891ರಲ್ಲಿ ಆ ಮಾನಕ್ಕೆ "ಎಲೆಕ್ಟ್ರಾನ್" ಅಂತ ಹೆಸರಿಟ್ಟ. ಜೆ.ಜೆ. ಥಾಮ್ಸನ್ ಕಣವನ್ನು ಕಂಡದ್ದು 1897ರಲ್ಲಿ. ಅವನು ಅದನ್ನು ಕರೆದದ್ದು "ಕಾರ್ಪಸಲ್" ಅಂತ. ಅದು ಎಲೆಕ್ಟ್ರಾನೇ ಅಂತ ಅದೇ ವರ್ಷ ಹೇಳಿದವನು ಫಿಟ್ಜ್‌ಜೆರಾಲ್ಡ್, ಸ್ಟೋನಿಯ ಸೋದರಳಿಯ. ನಿಧಾನಕ್ಕೆ ಮಾನದ ಹೆಸರು ಕಣಕ್ಕೆ ಅಂಟಿತು, ಮಾನ ಹೆಸರಿಲ್ಲದೆ ಉಳಿಯಿತು. ಇವತ್ತು ಅದನ್ನು ಮೂಲ ಚಾರ್ಜ್ ಅಂತಷ್ಟೇ ಕರೆಯುತ್ತೇವೆ.

ಮಿಲಿಕನ್ 1913ರಲ್ಲಿ ಎಣ್ಣೆ ಹನಿಗಳಿಂದ ಅಳೆದ ಬೆಲೆ 1.59 × 10⁻¹⁹. ಗಾಳಿಯ ಸ್ನಿಗ್ಧತೆಗೆ ತಪ್ಪು ಬೆಲೆ ತೆಗೆದುಕೊಂಡಿದ್ದರಿಂದ ಒಂದಿಷ್ಟು ಕಡಿಮೆ ಬಂದಿತ್ತು.

ಲ್ಯಾಬ್_ಸಹಾಯಕ
ಮುಂದಿನದನ್ನು ನಾನು ಸೇರಿಸುತ್ತೇನೆ. 2019ರ ಮೇ 20ರಿಂದ ಆ ಬೆಲೆಯನ್ನು 1.602176634 × 10⁻¹⁹ ಕೂಲಂಬ್ ಅಂತ ಕಟ್ಟಿಹಾಕಿದ್ದಾರೆ. ಇನ್ನು ಅದನ್ನು ಅಳೆಯುವ ಪ್ರಶ್ನೆಯೇ ಇಲ್ಲ. ಮೊದಲು ಎರಡು ತಂತಿಗಳ ನಡುವಿನ ಬಲದಿಂದ ಆಂಪಿಯರ್, ಆಂಪಿಯರಿನಿಂದ ಕೂಲಂಬ್. ಈಗ ತಿರುಗಿಬಿದ್ದಿದೆ. ಒಂದು ಕೂಲಂಬ್ ಅಂದರೆ ಸುಮಾರು 6.24 × 10¹⁸ ಮೂಲ ಚಾರ್ಜುಗಳು, ಅಂದರೆ 62,400 ಕೋಟಿ ಕೋಟಿ. ಅಷ್ಟು ಸೆಕೆಂಡಿಗೆ ಹಾದರೆ ಒಂದು ಆಂಪಿಯರ್. ಅಂತರರಾಷ್ಟ್ರೀಯ ಮಾನಗಳ ಪಟ್ಟಿಯಲ್ಲಿ ಮೂಲ ಮಾನ ಇನ್ನೂ ಆಂಪಿಯರೇ, ಕೂಲಂಬ್ ಅಲ್ಲ. ಆದರೆ ಬೇರು ಇರುವುದು ಸ್ಟೋನಿ ಹೇಳಿದ ಜಾಗದಲ್ಲಿ.

ಉಲ್ಟಾ_ಪಲ್ಟಾ
145 ವರ್ಷ ಆದಮೇಲೆ ಅವನ ಮಾತು ನಡೀತು. ಹೆಸರು ಮಾತ್ರ ಅವನದಿಲ್ಲ. ಇದು ಪೂರ್ತಿ ಅನ್ಯಾಯ, ಅರ್ಧ ಅಲ್ಲ.

ಮುಂಗಾರು
ವಿಷಯಾಂತರಕ್ಕೆ ಕ್ಷಮೆ ಇರಲಿ. ಅಂಗಡಿ ಅಣ್ಣ, 20,000 ಎಂಎಎಚ್ ಪವರ್‌ಬ್ಯಾಂಕ್ ತಗೊಂಡೆ. 5000ದ ಮೊಬೈಲ್ ನಾಲ್ಕು ಸಲ ಚಾರ್ಜ್ ಆಗಬೇಕಲ್ವಾ? ಎರಡೂವರೆ ಸಲಕ್ಕೇ ಉಸಿರು ಬಿಡುತ್ತೆ. ಮೋಸನಾ?

ಬ್ಯಾಟರಿ_ಅಂಗಡಿ
ಮೋಸ ಅಲ್ಲ ತಮ್ಮಾ, ಬರೀ ಚಾರ್ಜ್ ನೋಡಿದರೆ ಹೀಗೇ ಆಗೋದು. 20,000 ಅನ್ನೋದು ಒಳಗಿನ ಸೆಲ್ಲಿನ ಲೆಕ್ಕ, 3.7 ವೋಲ್ಟಿನಲ್ಲಿ. ಹೊರಗೆ ಯುಎಸ್‌ಬಿಯಲ್ಲಿ ಬರೋದು 5 ವೋಲ್ಟ್. ವೋಲ್ಟೇಜ್ ಏರಿಸಿದರೆ ಎಂಎಎಚ್ ಇಳಿಯಲೇಬೇಕು, 14,800ಕ್ಕೆ ಬಂತು. ಏರಿಸೋ ಸರ್ಕ್ಯೂಟು ಬಿಸಿಯಾಗಿ ಒಂದಿಷ್ಟು ತಿಂತು. ಮೊಬೈಲ್ ಒಳಗೆ ಮತ್ತೆ ಇಳಿಸುವಾಗ ಇನ್ನೊಂದಿಷ್ಟು. ಡಬ್ಬದ ಹಿಂದೆ ಚಿಕ್ಕ ಅಕ್ಷರದಲ್ಲಿ "ರೇಟೆಡ್ ಕೆಪಾಸಿಟಿ" ಅಂತ ಬೇರೆ ಅಂಕಿ ಇರುತ್ತೆ, ನೋಡು. ಹೋಲಿಸೋಕೆ ವಾಟ್ ಅವರ್ ನೋಡೋದು ಒಳ್ಳೇದು. ನಿನ್ನದು 74 ವಾಟ್ ಅವರ್. ವಿಮಾನದವರೂ ಅದನ್ನೇ ಕೇಳೋದು, 100ರ ಒಳಗೆ ಇದ್ದರೆ ಕೈಚೀಲದಲ್ಲಿ ಬಿಡ್ತಾರೆ.

ಇನ್ವರ್ಟರಿಗೂ ಹೀಗೇ. 150 ಎಎಚ್, 12 ವೋಲ್ಟ್, ಗುಣಿಸಿದರೆ 1800. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಎರಡು ಯೂನಿಟ್ಟೂ ಇಲ್ಲ. ಅದೂ 20 ಗಂಟೆ ನಿಧಾನಕ್ಕೆ, ಏಳೂವರೆ ಆಂಪಿಯರಿನಂತೆ ಎಳೆದರೆ ಮಾತ್ರ. ಮಿಕ್ಸಿ ಹಾಕಿ ಎಳೆದರೆ ಅಷ್ಟೂ ಸಿಗಲ್ಲ.

ಮುಂಗಾರು
ಡಬ್ಬ ತಿರುಗಿಸಿ ನೋಡಿದೆ. 12,000 ಅಂತ ಇದೆ, ಇರುವೆ ಅಕ್ಷರದಲ್ಲಿ.

ತಂತಿಮನೆ_ತಾತ
ಅಕ್ಷರ ಅಂದಾಗ ನೆನಪಾಯಿತು. ಪಿಯು ಅಮ್ಮಾ, ಮಗಳಿಗೆ ಹೇಳಿ. ಇಂಗ್ಲಿಷಿನಲ್ಲಿ ಕೂಲಂಬ್ ಅಂತ ಪೂರ್ತಿ ಬರೆಯುವಾಗ ಮೊದಲಕ್ಷರ ಚಿಕ್ಕದು, ಸಂಕೇತ ಮಾತ್ರ ದೊಡ್ಡ ಸಿ. ಮನುಷ್ಯನ ಹೆಸರು ಬರೆಯುವಾಗ ಮೊದಲಕ್ಷರ ದೊಡ್ಡದು. ಇದಕ್ಕೂ ಅರ್ಧ ಮಾರ್ಕ್ಸ್ ಕಳೆಯುವವರು ಇದ್ದಾರೆ. ಇನ್ನೊಂದು, ಫ್ರೆಂಚಿನಲ್ಲಿ ಆ ಕೊನೆಯ "ಬ್" ಬಾಯಿಗೆ ಬರುವುದೇ ಇಲ್ಲ.

ಉಲ್ಟಾ_ಪಲ್ಟಾ
ನಮ್ಮ ಮೇಷ್ಟ್ರು ಅದನ್ನು ಒತ್ತಿ ಒತ್ತಿ ಹೇಳ್ತಿದ್ರು ತಾತ, ಕೂಲಂಬ್ಬು ಅಂತ. ಎರಡು ವರ್ಷ. ಈಗ ಯಾರು ಏನೇ ಹೇಳಿದ್ರೂ ನನ್ನ ಬಾಯಲ್ಲಿ ಅದೇ ಬರೋದು.